ಪರದೇಶವನ್ನರಿಯುವ ಓದು

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕೆಂದು ಹಿರಿಯರ ಮಾತು. ಆದರೆ ಕೋಶವನ್ನು ಬರೆದವರಾರೆಂಬುದನ್ನೂ ವಿಚಾರಿಸತಕ್ಕದ್ದು. ನೈಜೀರಿಯಾದಲ್ಲಿ ಆಂಗ್ಲ ಸರಕಾರದ ಅಧಿಕಾರಿಯಾಗಿದ್ದ ಜಾಯ್ಸ್ ಕೇರಿಯವರು ಆ ದೇಶವನ್ನು ಕುರಿತು 1939ರಲ್ಲಿ ‘ಮಿಸ್ಟರ್ ಜಾನ್ಸನ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿ ತಮ್ಮ ಜನರ ನಿಜರೂಪವನ್ನು ಕಾಣದ ಚಿನುವಾ ಅಚಿಬೆಯವರು 1958ರಲ್ಲಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಎಂಬುದನ್ನು ಹೊರತಂದರು. ಮಿಷನ್ ಉಪಾಧ್ಯಾಯರ ಮಗನಾದ ಅವರು ಇಗ್ಬೊ ಹಳ್ಳಿಯ ಗೆಣಸಿನ ಬೇಸಾಯವನ್ನೂ ಅತಿಥಿಸತ್ಕಾರವನ್ನೂ ವರ್ಣಿಸಿ, ಕುಂದುಗಳನ್ನು ಮರೆಮಾಚದೆ, ಮಿಷನರಿಗಳಲ್ಲಿ ಸೌಮ್ಯರನ್ನೂ ಕಠೋರರನ್ನೂ ತೋರಿಸಿದ್ದಾರೆ.

ಇಂಥ ಗ್ರಂಥವು ಮಿಷನ್ ಶಾಲೆಗೆ ಸಲ್ಲದೆಂದು ಕೆಲವರು ಶಂಕಿಸಬಹುದು. ನಮಗೇ ಅದು ಮೊದಲು ಸಲ್ಲತಕ್ಕದ್ದೆಂದು ನನ್ನ ಅಭಿಪ್ರಾಯ. ಬೋಧಿಸಲು ಹೋದವರು ಊರವರ ಕಣ್ಣಿಗೆ ಹೇಗೆ ಕಂಡರೆಂಬುದನ್ನು ಅರಿತ ಹುಡುಗಿಯು ಪರರನ್ನು ಹೀಗಳೆಯಲಾರಳು. ಪೋಷಕರೇ, ಪರದೇಶದ ಪುಸ್ತಕವನ್ನು ಕೊಡಿಸುವಾಗ ಆ ದೇಶದವರೇ ಬರೆದುದನ್ನು ಮೊದಲು ಕೊಡಿಸಿರಿ.