ಎರಡನೇ ಕುರ್ಚಿ ಯಾರಿಗಾದರೂ ಹೋಗಲಿ, ಖಾತೆ ಯಾರ ಕೈಯಾಗದ?



ವಿಧಾನಸಭೆ ಚುನಾವಣೆ ಬರಬೇಕಾದದ್ದು 2028ಕ್ಕೆ. ಆದರೆ ಸುರಪುರದ ಚಹಾ ಅಂಗಡಿಯಾಗ, ಕೆಂಭಾವಿ-ಹುಣಸಗಿಯ ಅಡತಿ ಅಂಗಡಿ ಮುಂದ, ನಮ್ಮ ನಮ್ಮ ಊರ ಗುಡಿ ಕಟ್ಟಿ ಮ್ಯಾಲ ಡಿಸಿಎಂ ಯಾರು ಅನ್ನೋ ಲೆಕ್ಕ ಎಂದೂ ನಿಲ್ಲುವುದಿಲ್ಲ. ಲಿಂಗಾಯತರಿಗೊಂದು, ದಲಿತರಿಗೊಂದು, ನಾಯಕರಿಗೊಂದು, ಮುಸ್ಲಿಮರಿಗೊಂದು ಎಂದು ಹಬ್ಬದ ಹೋಳಿಗೆ ಹಂಚಿದಂತೆ ಉಪಮುಖ್ಯಮಂತ್ರಿ ಪದವಿಯನ್ನು ನಾವೇ ಹಂಚಿ ಮುಗಿಸುತ್ತೇವೆ. ಚಹಾದ ರೊಕ್ಕ ಯಾರು ಕೊಡಬೇಕು ಅಂದಾಗ ಮಾತ್ರ ಎಲ್ಲರೂ ಸುಮ್ಮನಾಗುತ್ತೇವೆ.

ಈ ಚಟ ನಮಗೊಬ್ಬರಿಗೇ ಇಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ನಿಲ್ಲುವವನು ಚುನಾವಣೆಗೆ ಮುಂಚೆಯೇ ತನ್ನ ಉಪಾಧ್ಯಕ್ಷನ ಹೆಸರು ಹೇಳಬೇಕು. 2024ರ ಜುಲೈನಲ್ಲಿ ಟ್ರಂಪ್ ಅವರು ವ್ಯಾನ್ಸ್ ಹೆಸರು ಹೇಳುವ ತನಕ, ಆಗಸ್ಟಿನಲ್ಲಿ ಕಮಲಾ ಹ್ಯಾರಿಸ್ ಅವರು ವಾಲ್ಜ್ ಹೆಸರು ಹೇಳುವ ತನಕ ಅಲ್ಲಿಯ ಪತ್ರಿಕೆಗಳಿಗೂ ಇದೇ ಕೆಲಸ. ಯಾವ ರಾಜ್ಯದವನು, ಯಾವ ಜನರ ಓಟು ತರುವವನು ಎಂಬ ಲೆಕ್ಕವೇ ಲೆಕ್ಕ. ಆದರೂ ಅವರದೊಂದು ಮೆಚ್ಚಬೇಕು. ಓಟು ಹಾಕುವ ಮೊದಲು ಹೆಸರು ಚೀಟಿಯ ಮ್ಯಾಲ ಇರ್ತದ. ನಮ್ಮಲ್ಲಿ ಓಟು ಹಾಕಿಸಿಕೊಂಡ ಮ್ಯಾಲ ದಿಲ್ಲಿಗೆ ಹೋಗಿ ಹೆಸರು ತರುತ್ತಾರೆ.

ನಮ್ಮ ಸುರಪುರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. 2018ರ ಚುನಾವಣೆ ಕಾಲಕ್ಕೆ ಬಿ. ಶ್ರೀರಾಮುಲು ಅವರು ಡಿಸಿಎಂ ಆಗೇ ಆಗ್ತಾರ ಎಂಬ ಮಾತು ಎಷ್ಟು ಜೋರಾಗಿತ್ತು, ನೆನಪು ಮಾಡಿಕೊಳ್ಳಿರಿ. ಅವರು ಮೊಳಕಾಲ್ಮೂರಿನಲ್ಲಿ ಗೆದ್ದರು, ಬಾದಾಮಿಯಲ್ಲಿ ಸಿದ್ದರಾಮಯ್ಯನವರ ಎದುರು 1,696 ಓಟಿನಿಂದ ಸೋತರು. ಮುಂದ 2019ರ ಆಗಸ್ಟಿನಲ್ಲಿ ಯಡಿಯೂರಪ್ಪನವರ ಸರ್ಕಾರದಲ್ಲಿ ಒಬ್ಬರಲ್ಲ, ಮೂವರು ಡಿಸಿಎಂ ಆದರು: ಗೋವಿಂದ ಕಾರಜೋಳ, ಅಶ್ವತ್ಥನಾರಾಯಣ, ಲಕ್ಷ್ಮಣ ಸವದಿ. ಸವದಿಯವರಂತೂ 2018ರಲ್ಲಿ ಅಥಣಿಯಲ್ಲಿ ಸೋತವರು. ಶ್ರೀರಾಮುಲು ಅವರಿಗೆ ಬಂದದ್ದು ಆರೋಗ್ಯ ಖಾತೆ. ಅವರ ಹೆಸರಿನ ಮ್ಯಾಲ ಓಟು ಹಾಕಿದ ನಮ್ಮ ಹುಡುಗರ ಮಾರಿ ಆಗ ನೋಡುವಂತಿರಲಿಲ್ಲ.

ಈಗ ನಾನು ಕೇಳುವುದು ಇಷ್ಟು. ಮೂವರು ಡಿಸಿಎಂ ಇದ್ದಾಗ ನಮ್ಮ ತೊಗರಿಗೆ ಮೂರು ಪಟ್ಟು ಬೆಲೆ ಬಂತೇನು? 2021ರ ಜುಲೈಯಿಂದ 2023ರ ತನಕ ಬೊಮ್ಮಾಯಿಯವರ ಸರ್ಕಾರದಲ್ಲಿ ಒಬ್ಬರೂ ಡಿಸಿಎಂ ಇರಲಿಲ್ಲ. ಆಗ ಸೊಸೈಟಿ ಬಾಗಿಲು ಮುಚ್ಚಿತ್ತೇನು? ಕೆನಾಲ್ ಬತ್ತಿತ್ತೇನು?

ಕಾನೂನು ನೋಡಿದರೂ ಅಷ್ಟೇ. ಸಂವಿಧಾನದ 164ನೇ ವಿಧಿಯಲ್ಲಿ ಮುಖ್ಯಮಂತ್ರಿ ಇದ್ದಾರೆ, ಮಂತ್ರಿಗಳಿದ್ದಾರೆ; ಉಪಮುಖ್ಯಮಂತ್ರಿ ಎಂಬ ಶಬ್ದವೇ ಇಲ್ಲ. 2024ರ ಫೆಬ್ರುವರಿಯಲ್ಲಿ ಈ ಪದವಿಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿಗೆ ಕೋರ್ಟು ಹೇಳಿದ್ದು, ಡಿಸಿಎಂ ಅಂದರೂ ಆತ ಒಬ್ಬ ಮಂತ್ರಿಯೇ, ಹೆಸರಿನಿಂದ ಏನೂ ಕೆಡುವುದಿಲ್ಲ ಎಂದು. ಕೆಡುವುದಿಲ್ಲ, ಖರೆ. ಹೆಚ್ಚಿಗೆ ಬರುವುದೂ ಇಲ್ಲ.

ಹಾಗಾದರೆ ಬರುವುದು ಎಲ್ಲಿಂದ? ಖಾತೆಯಿಂದ. ಸಾಹುಕಾರನ ಅಂಗಡಿಯಲ್ಲಿ ಗಾದಿ ಮ್ಯಾಲ ಯಾರು ಕೂತಾರ ಅನ್ನೋದನ್ನ ನೋಡಿ ನಾವು ಸಾಲ ಕೇಳುವುದಿಲ್ಲ, ಖಾತೆ ಪುಸ್ತಕ ಯಾರ ಕೈಯಾಗದ ಅಂತ ನೋಡ್ತೀವಿ. ವಿಧಾನಸೌಧದ ಅಂಗಡಿಯೂ ಹಂಗೇ. 2006ರಲ್ಲಿ ಕುಮಾರಸ್ವಾಮಿಯವರು ಸಿಎಂ, ಯಡಿಯೂರಪ್ಪನವರು ಡಿಸಿಎಂ. ಆದರೆ ಹಣಕಾಸು ಖಾತೆ ಯಡಿಯೂರಪ್ಪನವರ ಹತ್ತಿರವಿತ್ತು. ಬೆಳೆಸಾಲದ ಬಡ್ಡಿ ಶೇ. 4ಕ್ಕೆ ಇಳಿದದ್ದು ಅವರು ಮಂಡಿಸಿದ ಬಜೆಟ್ಟಿನಲ್ಲಿ. 2018ರಲ್ಲಿ ಅದೇ ಕುಮಾರಸ್ವಾಮಿಯವರು ಸಿಎಂ ಆಗಿ ಹಣಕಾಸು ತಾವೇ ಇಟ್ಟುಕೊಂಡರು, ಡಿಸಿಎಂ ಜಿ. ಪರಮೇಶ್ವರ ಅವರಿಗೆ ಗೃಹ ಖಾತೆ ಹೋಯಿತು. ಜುಲೈ 5ರ ಬಜೆಟ್ಟಿನಲ್ಲಿ ಸಾಲಮನ್ನಾ ಸಾರಿದವರು ಸಿಎಂ. ಆ ಮನ್ನಾ ಎಷ್ಟು ಜನರಿಗೆ ಪೂರಾ ಸಿಕ್ಕಿತು, ಎಷ್ಟು ಜನ ಬ್ಯಾಂಕಿಗೆ ಅಡ್ಡಾಡಿ ಚಪ್ಪಲಿ ಸವೆಸಿದರು ಅನ್ನೋದು ಬೇರೆ ಪುರಾಣ, ಇಲ್ಲಿ ಬೇಡ.

ದಿಲ್ಲಿಯ ಮಾತೂ ನೋಡಿರಿ. 1989ರಲ್ಲಿ ಚೌಧರಿ ದೇವಿಲಾಲ್ ಉಪಪ್ರಧಾನಿಯಾಗಿ ಪ್ರಮಾಣ ಮಾಡಿದರು. ಧೋತರದ ರೈತ ಎರಡನೇ ಕುರ್ಚಿ ಮ್ಯಾಲ ಕೂತ ಎಂದು ದೇಶದ ರೈತರಿಗೆ ಖುಷಿಯಾಯಿತು. ಕೃಷಿ ಖಾತೆ ಅವರ ಕೈಯಲ್ಲಿತ್ತು, ಬೆನ್ನ ಹಿಂದೆ ಹರಿಯಾಣದ ರೈತರಿದ್ದರು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿ ತನಕದ ರೈತರ ಸಾಲ ಮನ್ನಾ ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ದೇವಿಲಾಲರನ್ನು ಸಂಪುಟದಿಂದ ತೆಗೆದರು. ಉಪಪ್ರಧಾನಿ ಎಂಬ ಬಿರುದು ಅವರನ್ನು ಒಂದು ದಿನವೂ ಕಾಯಲಿಲ್ಲ.

ಇನ್ನೊಂದು ಉದಾಹರಣೆ ತೀರಾ ಈಚಿನದು. 2022ರಲ್ಲಿ ಜಗದೀಪ್ ಧನಕರ್ ಅವರನ್ನು ಉಪರಾಷ್ಟ್ರಪತಿ ಹುದ್ದೆಗೆ ನಿಲ್ಲಿಸಿದಾಗ ಪ್ರಧಾನಿಯವರು ಅವರನ್ನು ಕಿಸಾನ್ ಪುತ್ರ ಎಂದು ಕರೆದರು. 2024ರ ಡಿಸೆಂಬರಿನಲ್ಲಿ ಮುಂಬಯಿಯ ಒಂದು ಸಭೆಯಲ್ಲಿ, ವೇದಿಕೆಯ ಮೇಲಿದ್ದ ಕೃಷಿ ಮಂತ್ರಿ ಶಿವರಾಜ ಸಿಂಗ್ ಚೌಹಾಣ್ ಅವರನ್ನೇ ಧನಕರ್ ಕೇಳಿದರು: ರೈತರಿಗೆ ಕೊಟ್ಟ ಮಾತು ಏನಾಯಿತು, ಯಾಕೆ ಈಡೇರಲಿಲ್ಲ ಎಂದು. ಭಲೇ ಅನ್ನಬೇಕಾದ ಮಾತು. ಆದರೆ ದೇಶದ ಎರಡನೇ ದೊಡ್ಡ ಹುದ್ದೆಯಲ್ಲಿ ಕೂತ ರೈತನ ಮಗನೂ ಕೇಳಬಹುದಿತ್ತು, ಅಷ್ಟೇ. ಒಂದು ಕ್ವಿಂಟಲ್ಲಿಗೆ ಒಂದು ರೂಪಾಯಿ ಹೆಚ್ಚು ಮಾಡುವ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಅವರಿಗಿರಲಿಲ್ಲ. 2025ರ ಜುಲೈ 21ಕ್ಕೆ ರಾಜೀನಾಮೆ ಕೊಟ್ಟು ಮನೆಗೆ ಹೋದರು.

ನಮ್ಮ ತೊಗರಿಗೇ ಬರೋಣ. 2024-25ರ ಬೆಂಬಲ ಬೆಲೆ ಕ್ವಿಂಟಲ್ಲಿಗೆ 7,550 ರೂಪಾಯಿ. ರಾಶಿ ಮಾಡಿ ಮಾಲು ತರುವ ಹೊತ್ತಿಗೆ ಮಾರುಕಟ್ಟೆಯ ಸವಾಲು ಅದಕ್ಕಿಂತ ಕೆಳಗೆ ಬಂತು. ಕಾರಣ ಗೊತ್ತಿದ್ದದ್ದೇ. ಮೊಜಾಂಬಿಕ್, ಮ್ಯಾನ್ಮಾರ್ ಕಡೆಯ ತೊಗರಿ 2021ರಿಂದ ಸುಂಕವಿಲ್ಲದೆ ಬಂದರಿಗೆ ಬಂದು ಬೀಳುತ್ತಿತ್ತು. ಆ ಬಾಗಿಲು ತೆರೆಯುವ, ಮುಚ್ಚುವ ಕೀಲಿ ದಿಲ್ಲಿಯಲ್ಲದ. ಬೆಂಗಳೂರಿನಲ್ಲಿ ಹತ್ತು ಮಂದಿ ಡಿಸಿಎಂ ಮಾಡಿದರೂ ಆ ಕೀಲಿ ಅವರ ಕೈಗೆ ಬರುವುದಿಲ್ಲ. ರಾಜ್ಯದ ಕೈಯಲ್ಲಿದ್ದದ್ದು ಮೇಲಿನಿಂದ ಸ್ವಲ್ಪ ಕೂಡಿಸುವುದು. ರೈತರು ಬೀದಿಗಿಳಿದು ಒತ್ತಿದ ಮ್ಯಾಲ 450 ರೂಪಾಯಿ ಕೂಡಿಸಿ 8,000 ಮಾಡಿದರು. ಅದಕ್ಕೆ ರೊಕ್ಕ ಬಿಡಬೇಕಾದದ್ದು ಹಣಕಾಸು ಖಾತೆ.

ನೀರಿನ ಮಾತೂ ಹಾಗೆ. 2023ರ ಮೇ 13ಕ್ಕೆ ಫಲಿತಾಂಶ ಬಂತು, 20ಕ್ಕೆ ಪ್ರಮಾಣವಚನ. ನಡುವಿನ ಆ ವಾರವೆಲ್ಲ ಸಿಎಂ ಯಾರು, ಡಿಸಿಎಂ ಯಾರು ಎಂದು ನಾವು ಟಿವಿ ಮುಂದೆಯೇ ಕೂತೆವು. ಡಿ.ಕೆ. ಶಿವಕುಮಾರ್ ಡಿಸಿಎಂ ಆದರು. ಅವರು ಜಲಸಂಪನ್ಮೂಲ ಖಾತೆಯನ್ನೂ ತಗೊಂಡರು ಅನ್ನೋದು ನಮಗೆ ಅದಕ್ಕಿಂತ ದೊಡ್ಡ ಸುದ್ದಿಯಾಗಬೇಕಿತ್ತು. ಯಾಕಂದ್ರ ನಾರಾಯಣಪುರ ಎಡದಂಡೆ ಕಾಲುವೆಯ ಬಾಳುವೆ ಇರುವುದು ಆ ಖಾತೆಯಲ್ಲಿ. ಎರಡನೇ ಬೆಳೆಗೆ ನೀರು ಎಂದಿನ ತನಕ, ಕೊನೆಯ ಹೊಲಕ್ಕೆ ಮುಟ್ಟುತ್ತದೋ ಇಲ್ಲವೋ, ತೂಬು ಒಡೆದರೆ ಕಟ್ಟುವವರು ಯಾರು, ಎಲ್ಲ ಅಲ್ಲಿಂದಲೇ. ಕಟ್ಟಿ ಮ್ಯಾಲ ಈ ಮಾತು ಯಾರೂ ತೆಗೆಯಲಿಲ್ಲ. 2024ರ ಜೂನಿನಲ್ಲಿ ಇನ್ನೂ ಮೂವರು ಡಿಸಿಎಂ ಬೇಕೆಂದು ಮಂತ್ರಿಗಳೇ ಕೂಗಿದಾಗ ಮಾತ್ರ ಯಾವ ಜಾತಿಗೆ ಎಂದು ಮತ್ತೆ ಹಂಚಲು ಕೂತೆವು.

ಒಂದು ಮಾತು ತಪ್ಪು ತಿಳಿಯಬ್ಯಾಡ್ರಿ. ತಲೆತಲಾಂತರದಿಂದ ಬಾಗಿಲ ಹೊರಗೆ ನಿಲ್ಲಿಸಿದ ಜನ ತಮ್ಮವನೊಬ್ಬ ಆ ಕುರ್ಚಿ ಏರಲಿ ಎಂದು ಬಯಸಿದರೆ ಅದು ಮಾನದ ಪ್ರಶ್ನೆ. ಅದನ್ನು ನಗುವ ಹಕ್ಕು ಹೊಲ ಇದ್ದ ನಮಗಿಲ್ಲ. ನನ್ನ ತಕರಾರು ಇರುವುದು, ಆ ಮಾನದ ಆಸೆ ತೋರಿಸಿ ಓಟು ತಗೊಂಡು, ಹಣಕಾಸು, ನೀರಾವರಿ, ಸಹಕಾರ, ಕೃಷಿ ಮಾರುಕಟ್ಟೆ ಖಾತೆಗಳನ್ನು ನಮಗೆ ಕೇಳದೆ ತಮ್ಮೊಳಗೆ ಹಂಚಿಕೊಳ್ಳುವವರ ಮ್ಯಾಲ.

ಅದಕ್ಕೆ, ಓಟು ಕೇಳಲು ಯಾವ ಪಕ್ಷದವರು ಊರಿಗೆ ಬಂದರೂ ನಿಮ್ಮ ಡಿಸಿಎಂ ಯಾರು ಎಂದು ಕೇಳಬ್ಯಾಡ್ರಿ. ಈ ನಾಲ್ಕು ಖಾತೆ ಯಾರಿಗೆ ಕೊಡ್ತೀರಿ, ನಮ್ಮ ಭಾಗದವರಿಗೆ ಅದರಲ್ಲಿ ಒಂದಾದರೂ ಅದನೋ ಇಲ್ಲೋ ಎಂದು ಕೇಳಿರಿ. ಮೈಕಿನಲ್ಲಿ ಹೇಳಿಸಿರಿ, ಊರ ಸಂಘದ ವಹಿಯಲ್ಲಿ ಬರೆದು ಅಭ್ಯರ್ಥಿಯ ಸಹಿ ಹಾಕಿಸಿಕೊಳ್ಳಿರಿ. ಸಹಿ ಹಾಕಲು ಒಲ್ಲೆ ಅಂದವರ ಹೆಸರನ್ನೂ ಅದೇ ಹಾಳೆಯಲ್ಲಿ ಬರೆದಿಡಿರಿ. ಮುಂದಿನ ತಿಂಗಳ ಸಂಘದ ಸಭೆಗೆ ಬರುವಾಗ ಆ ವಹಿ ತರುವುದು ಮರೆಯಬ್ಯಾಡ್ರಿ. ತೊಗರಿ ಖರೀದಿ ಕೇಂದ್ರದ ನೋಂದಣಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಕೂಡ ಜೊತೆಗಿರಲಿ.