ಸುರುಳಿಯ ಪಾಠ

ಶಿಂಷಾ ತೀರದ ವೈದ್ಯನಾಥಪುರವೇ ಮೊದಲಾದ ಮದ್ದೂರು ಸೀಮೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಯಾರೂ ಎಸೆಯುವುದಿಲ್ಲ. ತಂತಿ ಬಿಚ್ಚಿ ಹೊಸದಾಗಿ ಸುತ್ತಿಸುತ್ತಾರೆ. ಬೇಸ್ ಗಿಟಾರಿನ ಪಿಕಪ್ಪಿಗೂ ಇದೇ ನ್ಯಾಯ ಸಲ್ಲಬೇಕೆಂಬುದು ನಮ್ಮ ಮತ. ಅದೂ ಅಯಸ್ಕಾಂತವನ್ನು ಬಳಸಿದ, ಕೂದಲೆಳೆಯಷ್ಟು ತೆಳುವಾದ ತಾಮ್ರದ ಸುರುಳಿಯೇ. ಮೀಟಿದ ಉಕ್ಕಿನ ತಂತಿ ಕಂಪಿಸಿದಾಗ, 1831ರಲ್ಲಿ ಫ್ಯಾರಡೆ ಕಂಡ ನಿಯಮದಂತೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ.

ಆದರೆ ಸುತ್ತಿದ ಮೇಲೆ ರೋಧವು ಮೊದಲಿನಷ್ಟೇ ಬಂದರೆ ಸಾಕೆನ್ನುವುದು ಸರಿಯಲ್ಲ. ತಂತಿಯ ದಪ್ಪ ಬದಲಾದರೆ ಅದೇ ರೋಧಕ್ಕೆ ಸುತ್ತುಗಳ ಸಂಖ್ಯೆಯೇ ಬೇರೆ. ಸುತ್ತು ಹೆಚ್ಚಿದಂತೆ ಪ್ರೇರಕತೆ ಹೆಚ್ಚಿ, ಅನುರಣನದ ಆವೃತ್ತಿ ಇಳಿಯುತ್ತದೆ. ನಾದ ಬಲಿತರೂ ಹೊಳಪು ಕುಂದುತ್ತದೆ. ಸುರುಳಿಗೆ ಸಮಾಂತರವಾಗಿ ನಿಲ್ಲುವ ಪೊಟೆನ್ಷಿಯೊಮೀಟರು ಈ ಅನುರಣನಕ್ಕೆ ಕಡಿವಾಣ. ಒಂಟಿ ಸುರುಳಿಗೆ ವಾಡಿಕೆಯಾದ 250 ಕಿಲೋ ಓಂ ಅದನ್ನು ತಗ್ಗಿಸಿ ನಾದವನ್ನು ಮೃದುಗೊಳಿಸುತ್ತದೆ. 500 ಕಿಲೋ ಓಂ ಅದನ್ನು ಹೆಚ್ಚು ಉಳಿಸಿ, ಮಂಕಾದ ಸುರುಳಿಗೆ ಸ್ಪಷ್ಟತೆ ತರುತ್ತದೆ.

ಆದುದರಿಂದ ಕಾಲೇಜಿನ ಪ್ರಯೋಗಶಾಲೆಗೆ ಮೋಟಾರು ಸುತ್ತುವ ಕುಶಲಕರ್ಮಿಗಳನ್ನೂ ಗೌರವದಿಂದ ಬರಮಾಡಿಕೊಳ್ಳಬೇಕು. ಎಣಿಸಿ ಸುತ್ತುವ ಶಿಸ್ತನ್ನು ಅವರಿಂದ ಕಲಿತ ವಿದ್ಯಾರ್ಥಿಗೆ ಪ್ರೇರಕತೆಯು ಬರಿಯ ಸೂತ್ರವಾಗಿ ಉಳಿಯದು. ಕೈಗೂ ಕಿವಿಗೂ ತಿಳಿದ ಸಂಗತಿಯಾಗುವುದು.