ಒಂದು ಪಿನ್ನೋ, ಐದು ಪಿನ್ನೋ?

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ತೋಟಕ್ಕೆ ಎರಡನೇ ಸಲ ಬೋರ್ಡೋ ಹೊಡೆಸಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರೋ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ನೋಡಿದ್ದರಲ್ಲಿ ತಲೆಯಲ್ಲಿ ಕೂತಿರೋ ವಿಷಯ ಅಂದ್ರೆ ಬಿಲ್ಲಿನ ಸೈಟು. ಮನೆ ಕಟ್ಟೋ ಸೈಟಲ್ಲ ಮಾರಾಯ್ರೆ, ಗುರಿ ನೋಡೋ ಸೈಟು.

ಮಗಳ ಮನೆ ಪಕ್ಕದವರು ನಮ್ಮ ಹಾಗೇ ರೈತರು. ಜೋಳ, ಸೋಯಾ ಬೆಳೀತಾರೆ, ದನ ಸಾಕಿದ್ದಾರೆ. ನಮಗೆ ಹಂದಿ, ಮಂಗ ಇದ್ದ ಹಾಗೆ ಅವರಿಗೆ ಬಿಳಿಬಾಲದ ಜಿಂಕೆ ಕಾಟ. ಆದರೆ ಅಲ್ಲಿ ಲೈಸೆನ್ಸ್ ತಗೊಂಡು ಬೇಟೆ ಆಡಬಹುದು. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗಿ ಜನವರಿವರೆಗೂ ಇರುತ್ತೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಇದನ್ನು ಓದಿ ಯಾರೂ ಬಿಲ್ಲು ಹುಡುಕೋಕೆ ಹೋಗಬೇಡಿ. ಮಕ್ಕಳು ಅಲ್ಲಿರೋರು ನಮ್ಮೂರಲ್ಲೂ ಸಾಕಷ್ಟು ಜನ ಇದೀರಿ, ಹಾಗಾಗಿ ಬರೀತಿದೀನಿ.

ಮೊದಲು ಲೆಕ್ಕ. ಔಷಧಿ ಹೊಡೆಯುವಾಗ ನೀರು ದೂರದ ಮರಕ್ಕೆ ಹೋಗಬೇಕಾದ್ರೆ ಪೈಪ್ ಸ್ವಲ್ಪ ಮೇಲಕ್ಕೆ ಹಿಡೀತೀವಲ್ಲ, ಬಾಣವೂ ಅಷ್ಟೇ. ರಾಟೆ ಇರೋ ಈಗಿನ ಕಾಂಪೌಂಡ್ ಬಿಲ್ಲಿನಿಂದ ಬಾಣ ಸೆಕೆಂಡಿಗೆ ಸುಮಾರು 280 ಅಡಿ ವೇಗದಲ್ಲಿ ಹೋಗುತ್ತೆ, ಆದ್ರೂ ಬಗ್ಗುತ್ತೆ. 20 ಗಜಕ್ಕೆ ಸರಿಮಾಡಿದ ಪಿನ್ನಿಟ್ಟು 30 ಗಜದಲ್ಲಿ ಹೊಡೆದ್ರೆ ನಾಲ್ಕೈದು ಇಂಚು ಕೆಳಗೆ, 40 ಗಜದಲ್ಲಿ ಒಂದಡಿಗಿಂತ ಜಾಸ್ತಿ ಕೆಳಗೆ ಬೀಳುತ್ತೆ. ಜಿಂಕೆಯ ಹೃದಯ, ಶ್ವಾಸಕೋಶ ಇರೋ ಜಾಗ ಎಂಟು ಹತ್ತು ಇಂಚು ಅಗಲ, ಅಷ್ಟೇ.

ಇದಕ್ಕೆ ಎರಡು ದಾರಿ. ಒಂದು, ಒಂದರ ಕೆಳಗೊಂದು ಮೂರೋ ಐದೋ ಪಿನ್ನಿರೋ ಸೈಟು. 20, 30, 40 ಗಜ ಅಂತ ಒಂದೊಂದಕ್ಕೆ ಒಂದೊಂದು ಪಿನ್ನು. ಇನ್ನೊಂದು, ಒಂದೇ ಪಿನ್ನು. ದೂರ ಅಳೆದು, ಚಕ್ರ ತಿರುಗಿಸಿ ಪಿನ್ನನ್ನು ಮೇಲೆ ಕೆಳಗೆ ಮಾಡ್ಕೋಬೇಕು.

ಐದು ಪಿನ್ನಿನವರ ವಾದ ಸುಳ್ಳಲ್ಲ. ಜಿಂಕೆ ನಿಂತಲ್ಲೇ ನಿಂತಿರಲ್ಲ. 20 ಗಜದಲ್ಲಿದ್ದದ್ದು ಎರಡು ಹೆಜ್ಜೆ ಹಾರಿ 35ಕ್ಕೆ ಹೋಗುತ್ತೆ. ಹೆದೆ ಎಳೆದು ಹಿಡಿದ ಮೇಲೆ ಚಕ್ರ ತಿರುಗಿಸೋಕೆ ಕೈ ಎಲ್ಲಿ? ಪಿನ್ನು ಐದಿದ್ರೆ ಕಣ್ಣು ಬದಲಾಯಿಸಿದ್ರೆ ಸಾಕು.

ಆದ್ರೆ ನಾನು ನೋಡಿದ್ದು ಬೇರೆ. ಪಕ್ಕದವರ ಮಗ, ಇಪ್ಪತ್ತೆರಡರ ಹುಡುಗ, ಐದು ಪಿನ್ನಿಂದು ಹೊಸದು ತಂದಿದ್ದ. ಸಂಜೆ ಬೆಳಕು ಇಳಿಯೋ ಹೊತ್ತಿಗೆ ಜೋಳದ ಅಂಚಲ್ಲಿ ಜಿಂಕೆ ಬಂತು. ದೂರ 35 ಗಜ ಅಂತ ಅವನಿಗೆ ಗೊತ್ತಿತ್ತು. 30ರ ಪಿನ್ನಿಗೂ 40ರ ಪಿನ್ನಿಗೂ ನಡುವೆ ಇಡಬೇಕಿತ್ತು. ಎದೆ ಹೊಡ್ಕೊಳೋ ಗಡಿಬಿಡಿಯಲ್ಲಿ ಮೇಲಿನ ಪಿನ್ನು, ಅಂದ್ರೆ 20ರದ್ದು, ಇಟ್ಟು ಬಿಟ್ಟ. ಬಾಣ ಎಂಟೊಂಬತ್ತು ಇಂಚು ಕೆಳಗೆ ಹೋಗಿ ಮುಂಗಾಲಿಗೆ ಬಿತ್ತು. ಟಾರ್ಚ್ ಹಿಡಿದು ರಾತ್ರಿ ಹನ್ನೊಂದರವರೆಗೂ ಜೋಳದ ಸಾಲಲ್ಲಿ ರಕ್ತ ಹುಡುಕಿದ್ವಿ, ನಾನೂ ಹೋಗಿದ್ದೆ. ಬೆಳಿಗ್ಗೆ ಮತ್ತೆ ಹುಡುಕಿದ್ವಿ. ಸಿಗಲಿಲ್ಲ. ಆ ಹುಡುಗ ಎರಡು ದಿನ ಸರಿ ಊಟ ಮಾಡಲಿಲ್ಲ. ಅವನಪ್ಪ ಬೈಯಲೂ ಇಲ್ಲ, ಸುಮ್ಮನಿದ್ದ.

ಆ ಅಪ್ಪನ ಬಿಲ್ಲಲ್ಲಿ ಇರೋದು ಒಂದೇ ಪಿನ್ನು. ಅದನ್ನ 25 ಗಜಕ್ಕೆ ಸರಿಮಾಡಿ ಬಿಗಿ ಮಾಡಿಟ್ಟಿದ್ದಾನೆ, ಚಕ್ರ ಮುಟ್ಟೋದೇ ಇಲ್ಲ. ಹಾಗಿಟ್ರೆ 15 ಗಜದಿಂದ 30 ಗಜದವರೆಗೆ ಬಾಣ ಹೆಚ್ಚು ಅಂದ್ರೆ ಎರಡು ಮೂರು ಇಂಚು ಆಚೀಚೆ. 30 ದಾಟಿದ್ರೆ ಅವನು ಹೊಡೆಯೋದಿಲ್ಲ. ಮರದ ಮೇಲೆ ಕೂರೋ ಮೊದಲೇ 30 ಗಜ ಎಲ್ಲಿಗೆ ಮುಗಿಯುತ್ತೆ ಅಂತ ಒಂದು ಮರ, ಒಂದು ಬೇಲಿಗೂಟ ಗುರುತು ಮಾಡ್ಕೊಂಡಿರ್ತಾನೆ.

ನನಗೆ ಸರಿ ಕಂಡದ್ದು ಇದೇ. ಪಿನ್ನು ಜಾಸ್ತಿ ಇದ್ರೆ ಆಸೆಯೂ ಜಾಸ್ತಿ. 50ರ ಪಿನ್ನು ಕಣ್ಣೆದುರಿಗೆ ಇದ್ರೆ 50 ಗಜದ ಜಿಂಕೆಗೂ ಹೊಡೆಯೋಣ ಅನ್ಸುತ್ತೆ. ಇನ್ನೊಂದು ಮಾತು, ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಹೋಗುತ್ತೆ, ಬಾಣ 280. ಹೆದೆಯ ಸದ್ದು ಕೇಳಿ ಜಿಂಕೆ ಕುಗ್ಗಿ ಹಾರೋಕೆ ರೆಡಿ ಆಗೋ ಹೊತ್ತಿಗೆ ಬಾಣ ಇನ್ನೂ ದಾರೀಲಿರುತ್ತೆ. ದೂರ ಹೆಚ್ಚಾದಷ್ಟೂ ಅದಕ್ಕೆ ಸಮಯ ಹೆಚ್ಚು. ಇದನ್ನ ಎಷ್ಟು ಪಿನ್ನಿದ್ರೂ ಸರಿಮಾಡೋಕೆ ಆಗಲ್ಲ.

ಬಯಲಲ್ಲಿ ದೂರ ಹೊಡೆಯಲೇಬೇಕಾದವರು, ವರ್ಷವಿಡೀ ಅಭ್ಯಾಸ ಮಾಡೋರು ಐದು ಪಿನ್ನು ಇಟ್ಕೊಳ್ಳಲಿ, ಬೇಡ ಅನ್ನಲ್ಲ. ಕಾಡಿನಂಚಲ್ಲಿ, ಜೋಳದ ಪಕ್ಕದಲ್ಲಿ, ವರ್ಷಕ್ಕೆ ನಾಲ್ಕು ಸಲ ಬಿಲ್ಲು ಹಿಡಿಯೋ ಹುಡುಗರಿಗೆ ಒಂದೇ ಪಿನ್ನು ಸಾಕು. ನಿಮ್ಮ ಮಕ್ಕಳೋ ಅಳಿಯಂದಿರೋ ಅಲ್ಲಿ ಈ ಹವ್ಯಾಸ ಹಿಡಿದಿದ್ರೆ ಇಷ್ಟು ಹೇಳಿ: ಕೈಬಿಟ್ಟ ಜಿಂಕೆ ನಾಳೆ ಮತ್ತೆ ಬರುತ್ತೆ, ಕಾಲು ಮುರಿದದ್ದು ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ.

ಬೇರೆ ಅನುಭವ ಇದ್ದೋರು ಬರೀರಿ. ನಾಳೆಯಿಂದ ಕೊನೆಗಾರರು ಬರ್ತಾರೆ, ಉತ್ತರ ಕೊಡೋದು ತಡ ಆಗಬಹುದು.